ನಾಲ್ಕು ಲಕ್ಷದ ಮೂರು ಸಾವಿರದ ಹದಿನೆಂಟು ಮಾತ್ರ

‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂದು ಬ್ಯಾಂಕಿನವರು ಒಟಿಪಿಯ ಜೊತೆಗೆ ಪ್ರತಿ ಸಲವೂ ಬರೆದು ಕಳಿಸುತ್ತಾರೆ. ನಮ್ಮ ತೋಟದಲ್ಲಿ ಅದನ್ನು ಪಾಲಿಸುವ ಅನುಕೂಲವಿಲ್ಲ.

ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಏರಿ ಬಂದರೆ ಸಿಗುವ ತೋಟ ನಮ್ಮದು. ಇಂಟರ್‌ನೆಟ್ ಇರುವುದು ಮನೆಯೊಳಗೆ, ಟಿವಿ ಕೇಬಲ್ಲಿನವರು ಮರದಿಂದ ಮರಕ್ಕೆ ಎಳೆದುಕೊಟ್ಟ ಫೈಬರಿನಲ್ಲಿ. ಮೊಬೈಲಿಗೆ ಸಿಗ್ನಲ್ ಬರುವುದು ಕಾಫಿ ಕಣ ದಾಟಿ, ದಿಬ್ಬ ಹತ್ತಿ, ಹಲಸಿನ ಮರದ ಬುಡದಲ್ಲಿ. ಅದೂ ಮರದ ಪೂರ್ವಕ್ಕೆ ನಿಂತರೆ. ಕಾಫಿ ಮಾರಿದ ದುಡ್ಡು ಬೀಳುವುದು ನಮ್ಮ ಯಜಮಾನರ ಖಾತೆಗೆ, ಆ ಖಾತೆಗೆ ಜೋಡಿಸಿದ ನಂಬರು ಇರುವುದು ಅವರ ಗುಂಡಿ ಒತ್ತುವ ಫೋನಿನಲ್ಲಿ. ಸಿಮ್ ಕಿತ್ತು ಬೇರೆ ಫೋನಿಗೆ ಹಾಕೋಣವೆಂದರೆ, ಎಲ್ಲಾದರೂ ದುಡ್ಡು ಆ ಕಡೆ ಈ ಕಡೆ ಆದೀತು ಎಂಬ ಭಯ ಅವರಿಗೆ. ಹಾಗಾಗಿ ಶನಿವಾರದ ಬಟವಾಡೆ ಎಂದರೆ ಕಂಪ್ಯೂಟರಿನ ಮುಂದೆ ನಾನು, ಹಲಸಿನ ಬುಡದಲ್ಲಿ ಛತ್ರಿ ಹಿಡಿದು ಅವರು. ನಡುವಿನ ಇಳಿಜಾರಿನಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಚಿಗುರು ಕೀಳುತ್ತಿರುವ ಆಳುಗಳು. ಒಟಿಪಿ ಬಂದ ಕೂಡಲೇ ಅವರು ಕೂಗಬೇಕು, ನಾನು ಒತ್ತಬೇಕು.

ಇಷ್ಟೇ ಆಗಿದ್ದರೆ ಬರೆಯುವ ಮಾತೇ ಇರಲಿಲ್ಲ. ಈ ಭಾಗದ ಎಷ್ಟೋ ಮನೆಗಳಲ್ಲಿ ಒಂದು ಸಿಗ್ನಲ್ ಕಲ್ಲೋ, ಸಿಗ್ನಲ್ ಮೋರಿಯೋ ಇದ್ದೇ ಇದೆ. ನಮ್ಮ ಸಂಕಟ ಬೇರೆ. ಯಜಮಾನರು ತಲೆ ನರೆಯುವ ತನಕ ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆದವರು. ಅಂಕಿಗಳು ಸಾಲಾಗಿ ನಿಂತಿದ್ದು ಕಂಡರೆ ಅವರ ಮಟ್ಟಿಗೆ ಅದು ಮೊತ್ತ. ‘ನಾಲ್ಕು, ಸೊನ್ನೆ, ಮೂರು’ ಎಂದು ಬಿಡಿಬಿಡಿಯಾಗಿ ಓದುವುದು ಒಂದನೇ ಕ್ಲಾಸಿನ ಮಕ್ಕಳ ಕೆಲಸ ಎಂಬುದು ಅವರ ಖಚಿತ ಅಭಿಪ್ರಾಯ. ಹೀಗಾಗಿ ಆಷಾಢದ ಮಳೆಯ ಸದ್ದನ್ನೂ ಮೀರಿಸಿ ದಿಬ್ಬದ ಮೇಲಿನಿಂದ ಕೂಗು ಇಳಿದು ಬರುತ್ತದೆ:

“ನಾಲ್ಕು ಲಕ್ಷದ ಮೂರು ಸಾವಿರದ ಹದಿನೆಂಟು... ಮಾತ್ರ!”

ಆ ‘ಮಾತ್ರ’ ಚೆಕ್ಕಿನಿಂದ ಬಂದದ್ದು. ಮೊತ್ತವನ್ನು ಅಕ್ಷರದಲ್ಲಿ ಬರೆದ ಮೇಲೆ ‘ಮಾತ್ರ’ ಹಾಕಿ ಮುಚ್ಚದಿದ್ದರೆ ಪಕ್ಕದಲ್ಲಿ ಇನ್ಯಾರೋ ಏನಾದರೂ ಸೇರಿಸಿಬಿಡುತ್ತಾರಂತೆ. ಅಷ್ಟು ಮಳೆಯಲ್ಲಿ ದಿಬ್ಬ ಹತ್ತಿ ಬಂದು ನಿಮ್ಮ ಒಟಿಪಿಗೆ ಅಂಕಿ ಸೇರಿಸುವವನು ಯಾರು ಎಂದು ಕೇಳಿದರೆ, “ನಮ್ಮ ಹುಷಾರಲ್ಲಿ ನಾವಿರಬೇಕು” ಅನ್ನುತ್ತಾರೆ.

ಲಕ್ಷ ಸಾವಿರಗಳನ್ನು ಕೇಳಿಸಿಕೊಂಡು ಆರು ಅಂಕಿಯಾಗಿ ಒಡೆಯುವುದು ಕೂತು ನೋಡಿದವರಿಗೇ ಗೊತ್ತು. ಮೂರು ಸಾವಿರ ಎಂದರೆ ಮೂರಕ್ಕೆ ಮೊದಲೊಂದು ಸೊನ್ನೆ, ಹದಿನೆಂಟು ಎಂದರೆ ಅದಕ್ಕೂ ಮೊದಲೊಂದು ಸೊನ್ನೆ. ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿರುತ್ತವೆ. ಮೊನ್ನೆ ಶನಿವಾರವಂತೂ “ಎಪ್ಪತ್ತೆರಡು ಸಾವಿರದ ಆರುನೂರ ಹದಿನೈದು ಮಾತ್ರ!” ಎಂದು ಕೂಗು ಬಂತು. ಎಷ್ಟು ಎಣಿಸಿದರೂ ಐದೇ ಅಂಕಿ.

“ರೀ, ಒಂದು ಅಂಕಿ ಕಮ್ಮಿ ಇದೆ!” ಅಂತ ಜಗುಲಿಗೆ ಓಡಿ ಬಂದು ಕೂಗಿದೆ.

“ಮುಂದೆ ಒಂದು ಸೊನ್ನೆ ಇದೆ, ಅದಕ್ಕೆ ಬೆಲೆ ಇಲ್ಲ!”

ನಾನು ಒಳಗೆ ಓಡುವಷ್ಟರಲ್ಲಿ ಸಮಯ ಮುಗಿದಿತ್ತು. ಬ್ಯಾಂಕು ಎರಡನೇ ನಂಬರು ಕಳಿಸಿತು, ಅದು ಬರುವಾಗ ಅವರು ಹಲಸಿನ ಮರದಿಂದ ಇಳಿದು ಕಣಕ್ಕೆ ಬಂದಾಗಿತ್ತು. ಮೂರನೇದಕ್ಕೆ ಕರೆಂಟು ಹೋಯಿತು. ಇವರ ಬೆಲೆಯಿಲ್ಲದ ಸೊನ್ನೆಗೆ ಅವತ್ತು ನಮ್ಮ ಅರ್ಧ ದಿನ ಬೆಲೆ ತೆತ್ತಿತು.

ಇನ್ನು ತೋಟದ ತುಂಬ ಕೇಳಿಸುವ ಈ ಲಕ್ಷಗಳ ಪರಿಣಾಮ. ಕಾಫಿಗೆ ಒಳ್ಳೆಯ ರೇಟು ಬಂದದ್ದು ಎಲ್ಲರಿಗೂ ಗೊತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಸಂಜೆ ಮೇಸ್ತ್ರಿ ಬಂದು ತಲೆ ಕೆರೆದುಕೊಳ್ಳುತ್ತಾ, “ಅಮ್ಮಾ, ಅಯ್ಯನವರಿಗೆ ನಾಲ್ಕು ಲಕ್ಷ ಬಂತಂತಲ್ಲ, ಹಬ್ಬಕ್ಕೆ ಏನಾದ್ರೂ ಅಡ್ವಾನ್ಸ್...” ಎಂದ. ಕೊಲ್ಲಿಯ ಆಚೆ ಬದಿಯ ತೋಟದ ಮಾವ ಅಷ್ಟು ನೇರದವರಲ್ಲ. ಛತ್ರಿ ಮಡಚಿ ಒಳಗೆ ಬಂದು, ಕಾಫಿ ಕುಡಿದು, ಆನೆ ಯಾವ ಬೇಲಿ ಮುರಿಯಿತು ಎಂದೆಲ್ಲ ಹೇಳಿ ಮುಗಿಸಿ, ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಐವತ್ತು ಸಾವಿರ ಕೈಸಾಲ ಕೇಳಿದರು. “ನಿಮ್ಮಲ್ಲಿ ಈಗ ಕೈ ಆಡ್ತಾ ಇದೆಯಲ್ಲ.”

“ಅದು ದುಡ್ಡಲ್ಲ ಮಾವ, ಬ್ಯಾಂಕಿಂದ ಬರೋ ಬರೀ ನಂಬರು” ಎಂದು ಬಿಡಿಸಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

“ಬರೀ ನಂಬರಾದ್ರೆ ಅವನು ‘ಮಾತ್ರ’ ಅಂತ ಯಾಕಮ್ಮ ಅಂದ?”

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಮಾವ ಈಗ ದಾರಿಯಲ್ಲಿ ಸಿಕ್ಕರೆ ಮೊದಲಿನಷ್ಟು ಮಾತಾಡುವುದಿಲ್ಲ.

ನಗದನ್ನೇ ಕೊಡಬಾರದೇ ಎಂದು ಕೇಳಬಹುದು. ಲೈನ್ ಮನೆಯ ಹಳಬರಿಗೆ ನಗದೇ ಬೇಕು. ಸೋಮವಾರದ ಸಂತೆಯಲ್ಲಿ ಒಣಮೀನು, ಈರುಳ್ಳಿ, ಮಕ್ಕಳಿಗೆ ಖಾರಾಬೂಂದಿ ಎಲ್ಲ ಆಗಬೇಕಲ್ಲ. ಆದರೆ ಅಸ್ಸಾಮಿನಿಂದ ಬಂದ ಹುಡುಗರು ನೋಟು ಕೊಟ್ಟರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಅವರಿಗೆ ಫೋನಿಗೇ ಬೇಕು, ಅಲ್ಲಿಂದ ಸೀದಾ ಊರಿನ ಮನೆಗೆ. ಅವರು ಹೇಳುವುದೂ ಸರಿಯೇ. ನನ್ನ ಪಾಡು ಮಾತ್ರ ಅರ್ಧ ಬಟವಾಡೆ ಹಲಸಿನ ಮರದ ಮೂಲಕ, ಅರ್ಧ ಎಟಿಎಂ ಮೂಲಕ. ಎಟಿಎಂ ಗಾಜಿನ ಬಾಗಿಲಿಗೆ ‘ಕ್ಯಾಶ್ ಇಲ್ಲ’ ಎಂಬ ಕೈಬರಹದ ಚೀಟಿ ಅಂಟಿರುತ್ತದೆ. ಇಷ್ಟು ದೊಡ್ಡ ತಂತ್ರಜ್ಞಾನದಲ್ಲಿ ಒಂದು ದಿನವೂ ಕೈಕೊಡದೆ ಕೆಲಸ ಮಾಡುತ್ತಿರುವುದು ಆ ಚೀಟಿಯೊಂದೇ.

ಶಾಖೆಯ ಒಳಗೆ ಹೋದರೆ, “ಇಷ್ಟಕ್ಕೆಲ್ಲ ಬರ್ಬೇಕಾ ಮೇಡಂ? ಆ್ಯಪ್‌ನಲ್ಲೇ ಮಾಡ್ಕೋಬಹುದಿತ್ತಲ್ಲ.” ಆ್ಯಪ್ ತೆರೆದರೆ, ‘ಹೆಚ್ಚಿನ ಮಾಹಿತಿಗಾಗಿ ನಿಮ್ಮ ಶಾಖೆಯನ್ನು ಸಂಪರ್ಕಿಸಿ.’ ಇಬ್ಬರೂ ಎಷ್ಟು ವಿನಯದಿಂದ ಹೇಳುತ್ತಾರೆಂದರೆ ಬೈಯುವುದಕ್ಕೂ ಬಾಯಿ ಬರುವುದಿಲ್ಲ. ಪಾಸ್‌ಬುಕ್ ಹಾಕಲು ಮೂಲೆಯಲ್ಲೊಂದು ಯಂತ್ರವಿದೆ. ಅದು ನಮ್ಮ ಪುಸ್ತಕವನ್ನು ಒಳಗೆಳೆದುಕೊಂಡು, ಗುರ್ರೆಂದು ಯೋಚಿಸಿ, ಏನೂ ಬರೆಯದೆ ಹೊರಗೆ ಉಗುಳುತ್ತದೆ.

ಹಾಗೆಂದು ಹಳೆಯ ಬ್ಯಾಂಕು ಸ್ವರ್ಗವಾಗಿತ್ತೆಂದು ನಾನು ಹೇಳಲಾರೆ. ಹಿತ್ತಾಳೆ ಟೋಕನ್ ಹಿಡಿದು ಬೆಂಚಿನ ಮೇಲೆ ಕೂತರೆ ಸೊಂಟ ಹಿಡಿಯುತ್ತಿತ್ತು. ದಾರ ಕಟ್ಟಿದ ಪೆನ್ನಿನಲ್ಲಿ ದಾರ ಮಾತ್ರ ಗಟ್ಟಿಯಾಗಿರುತ್ತಿತ್ತು. ಸಹಿ ಹೊಂದುವುದಿಲ್ಲ ಎಂದು ನಮ್ಮ ಅತ್ತೆಯಿಂದ ಸಾಲಾಗಿ ಸಹಿ ಹಾಕಿಸಿ, ಕೊನೆಗೆ ಮೊದಲಿನದನ್ನೇ ಒಪ್ಪಿಕೊಂಡ ಮಹಾನುಭಾವರೂ ಇದ್ದರು. ಆದರೆ ಕ್ಯಾಷಿಯರ್ ಒಬ್ಬರಿದ್ದರು. ಶನಿವಾರ ನಮ್ಮನ್ನು ಕಂಡರೆ ಚೆಕ್ ನೋಡುವ ಮೊದಲೇ, “ಬಟವಾಡೆಗಲ್ವಾ? ಐವತ್ತರದ್ದು ಎಷ್ಟು ಬೇಕು, ಹತ್ತರದ್ದು ಎಷ್ಟು?” ಅಂತ ಕೇಳುತ್ತಿದ್ದರು. ಸ್ಪಂಜಿನ ಡಬ್ಬಿಗೆ ಬೆರಳು ಒತ್ತಿ ಎಣಿಸಿ, ಕಂತೆಗೆ ರಬ್ಬರ್‌ಬ್ಯಾಂಡ್ ಸುತ್ತುವಾಗ ಮಳೆ ಎಷ್ಟಾಯಿತು ಎಂದು ವಿಚಾರಿಸುತ್ತಿದ್ದರು. ಚಿಲ್ಲರೆ ಬೇಕೆಂದು ಕೇಳುವ ಜಾಗವೇ ಈಗಿನ ಆ್ಯಪ್‌ನಲ್ಲಿಲ್ಲ.

ಆಗಿನ ಬೋರ್ಡುಗಳೂ ಹೋದವು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟು, ಕಾರ್ಪೊರೇಷನ್ನು. ಎಲ್ಲವೂ ಏಪ್ರಿಲ್ ಒಂದನೇ ತಾರೀಖಿನಂದೇ ಬೇರೆ ಬ್ಯಾಂಕುಗಳಲ್ಲಿ ಕರಗಿದ್ದು, ಆದರೂ ಅದು ತಮಾಷೆಯಾಗಿರಲಿಲ್ಲ. ದಿನಕ್ಕೆ ಎರಡಾಣೆಯಷ್ಟನ್ನೂ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ಶುರು ಮಾಡಿದ್ದು ಆ ಸಿಂಡಿಕೇಟೇ. ನಮ್ಮ ಪೇಟೆಯ ಅಂಗಡಿ ಸಾಲಿನಲ್ಲಿ ಪಿಗ್ಮಿಯವರು ಈಗಲೂ ಸಂಜೆ ಚೀಲ ನೇತುಹಾಕಿಕೊಂಡು ಬರುತ್ತಾರೆ, ಯಾವುದೋ ಸೊಸೈಟಿಯ ಪರವಾಗಿ. ಒಟಿಪಿ ಕೇಳುವುದಿಲ್ಲ. ಯಾರ ಮಗಳಿಗೆ ಗಂಡು ಗೊತ್ತಾಯಿತು ಎಂಬುದನ್ನು ಕೇಳುತ್ತಾರೆ.

ಬೋರ್ಡು ಬದಲಾದ ಮೇಲೆ ಐಎಫ್‌ಎಸ್‌ಸಿ ಕೋಡೂ ಬದಲಾಯಿತು. ಹನ್ನೊಂದು ಅಕ್ಷರ, ಅದರಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಇದು ಗೊತ್ತಾದ ದಿನ ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, “ಯಾವಾಗ್ಲೂ ಸೊನ್ನೆನೇ ಆದ್ರೆ ಮತ್ತೆ ಬರೀಬೇಕು ಯಾಕೆ?” ಎಂದರು.

ನಗದಿಗೂ ಅದರದ್ದೇ ಕೆಟ್ಟ ದಿನಗಳಿದ್ದವು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ನಾವು ಕಾಫಿ ಕೊಯ್ಲಿಗೆ ಆಳು ಹೊಂದಿಸುತ್ತಿದ್ದೆವು. ಎಟಿಎಂನಲ್ಲಿ ದಿನಕ್ಕೆ 2,000, ಖಾತೆಯಿಂದ ವಾರಕ್ಕೆ 24,000. ತೋಟದ ಬಟವಾಡೆ ಅದರಲ್ಲಿ ಎಲ್ಲಿ ಏಳುತ್ತದೆ? ಯುಪಿಐ ಅದೇ ವರ್ಷದ ಏಪ್ರಿಲ್‌ನಲ್ಲಿ ಹುಟ್ಟಿತ್ತಂತೆ, ನಮ್ಮ ದಿಬ್ಬಕ್ಕೆ ಅದರ ಸುದ್ದಿಯೂ ಬಂದಿರಲಿಲ್ಲ. ಆಗ ಅಟ್ಟ ಹತ್ತಿ ಹಳೇ ನೋಟುಗಳ ಗಂಟು ಇಳಿಸಿದ ಅತ್ತೆಯ ಮುಖ ನನಗೆ ಇನ್ನೂ ನೆನಪಿದೆ. ಮನೆಯವರಿಗೇ ತಿಳಿಯದಂತೆ ಕೂಡಿಟ್ಟ ದುಡ್ಡನ್ನು ಮನೆಯವರೆದುರೇ ಎಣಿಸಬೇಕಾಗಿ ಬಂದದ್ದು ಅವರಿಗೆ ನೋಟು ರದ್ದಾದದ್ದಕ್ಕಿಂತ ದೊಡ್ಡ ಅವಮಾನ.

ಆದರೂ ಅತ್ತೆ ಕೂಡಿಡುವುದನ್ನು ಬಿಡಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆಯ ಜನ ಉಟ್ಟ ಬಟ್ಟೆಯಲ್ಲಿ ಹೊರಟು ಬಂದಾಗ ಕರೆಂಟಿಲ್ಲ, ಟವರಿಲ್ಲ, ರಸ್ತೆಯೇ ಇಲ್ಲ. ನೆಂಟರೊಬ್ಬರು ನಮ್ಮಲ್ಲಿಗೆ ಬಂದವರು ಖಾತೆಯಲ್ಲಿ ದುಡ್ಡಿದ್ದೂ ಮಗುವಿಗೆ ಹಾಲಿನ ಪುಡಿ ತರಲು ಬರಿಗೈ. ಅತ್ತೆ ಅಕ್ಕಿ ಡ್ರಮ್ಮಿನೊಳಗೆ ಮೊಣಕೈ ತನಕ ಕೈ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟು ತೆಗೆದು ಅವರ ಕೈಯಲ್ಲಿಟ್ಟರು. ಎಷ್ಟೆಂದು ಎಣಿಸಲಿಲ್ಲ, ಅವರೂ ಎಣಿಸಲಿಲ್ಲ. ಅಂದಿನಿಂದ ಆ ಡ್ರಮ್ಮಿನ ಬಗ್ಗೆ ಮನೆಯಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಈಗಲೂ ಮಳೆಗಾಲದಲ್ಲಿ ನಾನು ಕೈ ಚಾಚುವುದು ಅಲ್ಲಿಗೇ. ಅತ್ತೆ ಬಡ್ಡಿ ಕೇಳುವುದಿಲ್ಲ, ಬುದ್ಧಿ ಹೇಳುತ್ತಾರೆ. “ಫೋನಲ್ಲಿರೋ ದುಡ್ಡು ಕರೆಂಟ್ ಹೋದಾಗ ಎಲ್ಲಿಗೆ ಹೋಗುತ್ತೆ ಮಗಾ?” ಎಂಬುದು ಅವರ ಖಾಯಂ ಪ್ರಶ್ನೆ.

ಎಲ್ಲಿಗೆ ಹೋಗುತ್ತದೆ ಎಂದು ಕಳೆದ ಭಾನುವಾರ ಕೋಳಿ ಅಂಗಡಿಯಲ್ಲಿ ನನಗೂ ಅನಿಸಿತು. ನನ್ನ ಖಾತೆಯಿಂದ ದುಡ್ಡು ಹೋಗಿತ್ತು, ಅಂಗಡಿಯ ಮಾತಾಡುವ ಡಬ್ಬಿ ತುಟಿ ಬಿಚ್ಚಲಿಲ್ಲ. ಹೀಗಾದರೆ ಐದು ದಿನದೊಳಗೆ ದುಡ್ಡು ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ನಿಯಮವೇ ಇದೆ. ಅದನ್ನು ಕೋಳಿ ಅಂಗಡಿಯವನಿಗೆ ವಿವರಿಸಿದೆ. ಅವನು ಕತ್ತಿ ಒರೆಸುತ್ತಾ, “ಸರಿ ಅಕ್ಕಾ, ಹಾಗಾದ್ರೆ ಶುಕ್ರವಾರ ಬನ್ನಿ” ಎಂದ. ಅವನಿಗೂ ಆ ಡಬ್ಬಿಯ ಮೇಲೆ ಪ್ರೀತಿಯೇನಿಲ್ಲ. 2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದ ಸುದ್ದಿ ಓದಿದ ಮೇಲೆ ಪೇಟೆಯಲ್ಲಿ ಒಂದೆರಡು ಅಂಗಡಿಯ ಕ್ಯೂಆರ್ ಚೀಟಿಗಳು ಕ್ಯಾಲೆಂಡರಿನ ಹಿಂದಕ್ಕೆ ಸರಿದಿದ್ದವು. ಈಗ ನಿಧಾನಕ್ಕೆ ಮತ್ತೆ ಇಣುಕುತ್ತಿವೆ.

ನಿನ್ನೆ ಸಂಜೆ ಮೇಸ್ತ್ರಿ ಮತ್ತೆ ಬಂದಿದ್ದ. ಜೇಬಿನಿಂದ ಬೀಡಿ ಕಟ್ಟಿನ ಕಾಗದವೊಂದನ್ನು ತೆಗೆದು ಬಿಡಿಸಿದ. ಮಳೆಗಾಲ ಶುರುವಾದಾಗಿನಿಂದ ದಿಬ್ಬದ ಮೇಲಿನಿಂದ ಕೇಳಿಸಿದ ಮೊತ್ತಗಳನ್ನೆಲ್ಲ ಪೆನ್ಸಿಲಿನಲ್ಲಿ ಒಂದರ ಕೆಳಗೊಂದು ಬರೆದು ಕೂಡಿಸಿದ್ದ. ಮೂವತ್ತೊಂದು ಲಕ್ಷ, ಮೇಲೆ ಚಿಲ್ಲರೆ. “ಇಷ್ಟೆಲ್ಲ ಬಂದಿದೆ, ನಮ್ಮ ಕೂಲಿ ಮಾತ್ರ ಹಾಗೇ ಇದೆಯಲ್ಲ ಅಯ್ಯಾ” ಎಂದ.

ಯಜಮಾನರು ಕಾಗದ ಈಸಿಕೊಂಡು, ಕನ್ನಡಕ ಏರಿಸಿ, ಮೇಲಿನಿಂದ ಕೆಳಗೆ ಬೆರಳು ಓಡಿಸಿದರು. ಅದು ದುಡ್ಡಲ್ಲ ಎಂದು ಈಗಲಾದರೂ ಹೇಳುತ್ತಾರೆಂದು ನಾನು ಕಾದೆ. ಅವರ ಹುಬ್ಬು ಗಂಟಿಕ್ಕಿತು.

“ತಪ್ಪು ಲೆಕ್ಕ” ಅಂದರು. “ಇದರಲ್ಲಿ ಟೈಮ್ ಮುಗಿದು ರದ್ದಾದದ್ದನ್ನೂ ಸೇರಿಸಿದ್ದೀಯ. ಅದನ್ನ ಕಳೀಬೇಕು. ಇಪ್ಪತ್ತಾರು ಲಕ್ಷವೇ ಆಗೋದು.”

“ಇಪ್ಪತ್ತಾರೇ ಇರಲಿ ಬಿಡಿ ಅಯ್ಯಾ” ಎಂದ ಮೇಸ್ತ್ರಿ. “ದಿನಕ್ಕೆ ಐವತ್ತು ರೂಪಾಯಿ ಏರಿಸೋಕೆ ಅಷ್ಟು ಧಾರಾಳ ಆಯ್ತು.”