ಸದಾ ಬೆಳೆಯುತ್ತಿರುವವರ ಕಪ್

ಏಷ್ಯಾದ ಫುಟ್‌ಬಾಲ್ ಒಕ್ಕೂಟ ಒಮ್ಮೆ ತನ್ನ ಸದಸ್ಯ ದೇಶಗಳನ್ನೆಲ್ಲ ಮಾವಿನಕಾಯಿಯಂತೆ ಮೂರು ರಾಶಿ ಹಾಕಿತು. ಹಣ್ಣಾದವು, ದೋರೆಗಾಯಿ, ಹೀಚು. ಹಣ್ಣಾದವರಿಗೆ ಏಷ್ಯಾ ಕಪ್ ಇತ್ತು. ಉಳಿದವರು ಬೇಜಾರು ಮಾಡಿಕೊಳ್ಳಬಾರದಲ್ವಾ? ಅವರಿಗಾಗಿ 2006ರಲ್ಲಿ ಬಾಂಗ್ಲಾದೇಶದಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಶುರುವಾಯಿತು. ಮೊದಲ ಸಲ ತಜಿಕಿಸ್ತಾನ ಗೆದ್ದಿತು.

ಹಣ್ಣಾಗದವರ ಸಾಲಿನಲ್ಲಿ ನಮ್ಮ ದೇಶವೂ ನಿಂತಿತ್ತು. 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ, 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ! ಹೀಚು ಹಣ್ಣಾಗೋದು ಎಲ್ಲರಿಗೂ ಗೊತ್ತು. ಹಣ್ಣನ್ನು ಮತ್ತೆ ಹೀಚು ಮಾಡೋ ವಿದ್ಯೆ ನಮಗೊಬ್ಬರಿಗೇ ಗೊತ್ತು. ಆದರೂ ಹಳೇ ಜಮೀನ್ದಾರರ ಗತ್ತು ಬಿಡಬೇಕಲ್ಲ? ಆ ಸಲ ದೊಡ್ಡವರನ್ನು ಕಳಿಸದೆ 20 ವರ್ಷದೊಳಗಿನ ಹುಡುಗರನ್ನು ಕಳಿಸಿದೆವು. ನೇಪಾಳ ಅವರನ್ನು 3-0ಯಿಂದ ಮನೆಗೆ ಕಳಿಸಿತು.

2008ರಲ್ಲಿ ಕಪ್ ನಮ್ಮಲ್ಲೇ ನಡೆಯಿತು, ಸರಿಯಾಗಿ ಮಳೆಗಾಲದಲ್ಲಿ. ಹೈದರಾಬಾದಿನ ಮೈದಾನ ಕೆಸರುಗದ್ದೆಯಾಗಿ ಫೈನಲ್ ದೆಹಲಿಗೆ ಓಡಿತು. ಅಲ್ಲಿ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು, 4-1ರಿಂದ ಗೆದ್ದೆವು, 2011ರ ಏಷ್ಯಾ ಕಪ್‌ಗೆ ಟಿಕೆಟ್ ಸಿಕ್ಕಿತು. ದೋಹಾದಲ್ಲಿ ಮೂರು ಪಂದ್ಯಕ್ಕೆ 13 ಗೋಲು ತಿಂದೆವು ಅನ್ನೋದು ಬೇರೆ ಮಾತು. ಹೊಡೆದದ್ದೂ ಮೂರಿತ್ತು, ಸುಮ್ನೆ ಬೈಯಬಾರದು.

ಆದರೆ ಈ ಕಪ್‌ನ ನಿಜವಾದ ತಮಾಷೆ ಉತ್ತರ ಕೊರಿಯಾದ್ದು. 2010ರ ಫೆಬ್ರವರಿಯಲ್ಲಿ ಅವರ ಜೇಬಿನಲ್ಲಿ ದಕ್ಷಿಣ ಆಫ್ರಿಕಾದ ವಿಶ್ವಕಪ್‌ಗೆ ಟಿಕೆಟ್ ಇತ್ತು. ಏಷ್ಯಾ ಕಪ್‌ಗೆ ಇರಲಿಲ್ಲ! ಎಂ.ಎ.ಗೆ ಸೀಟು ಸಿಕ್ಕವನು ಎಸ್ಸೆಸ್ಸೆಲ್ಸಿ ಸಪ್ಲಿಮೆಂಟರಿ ಬರೆಯಲು ಬಂದಂತೆ ಅವರು ಕೊಲಂಬೊಗೆ ಬಂದರು. ಪಾಸೂ ಆದರು. ಅದೂ ಸುಲಭವಾಗಿ ಅಲ್ಲ, ತುರ್ಕ್‌ಮೆನಿಸ್ತಾನದ ಎದುರು ಪೆನಾಲ್ಟಿ ಹೊಡೆದು. ನಾಲ್ಕು ತಿಂಗಳಾದ ಮೇಲೆ ಜೋಹಾನ್ಸ್‌ಬರ್ಗ್‌ನಲ್ಲಿ ಬ್ರೆಜಿಲ್ ಇವರನ್ನು ಸೋಲಿಸಲು ಬೆವರು ಸುರಿಸಿತು, 2-1. ಪಾಪ, ತಾನು ಹೆಣಗುತ್ತಿರುವುದು ಹಣ್ಣಾಗದ ತಂಡದ ಜೊತೆ ಅಂತ ಬ್ರೆಜಿಲ್‌ಗೆ ಯಾರೂ ಹೇಳಿರಲಿಲ್ಲ.

ಅದೇ ಕೊಲಂಬೊಗೆ ನಾವು ಮತ್ತೆ ಹುಡುಗರನ್ನೇ ಕಳಿಸಿದ್ದೆವು. ಮೂರೂ ಪಂದ್ಯ ಸೋತರು. 2012ರಲ್ಲಿ ಕಠ್ಮಂಡುವಿಗೆ ದೊಡ್ಡವರೇ ಹೋದರು. ಮೂರು ಪಂದ್ಯ, ಮೂರು ಸೋಲು, ಸೊನ್ನೆ ಗೋಲು. ವಯಸ್ಸಿಗೂ ಫಲಿತಾಂಶಕ್ಕೂ ಸಂಬಂಧವಿಲ್ಲ ಅಂತ ಅವತ್ತು ಗೊತ್ತಾಯಿತು. 2014ರಲ್ಲಿ ಆ ಚಿಂತೆಯೂ ತಪ್ಪಿತು. ಅರ್ಹತಾ ಸುತ್ತಿನಲ್ಲೇ ಮುಗಿಸಿಕೊಂಡು ಬಂದಿದ್ದೆವು. ಮಾಲ್ಡೀವ್ಸ್‌ನಲ್ಲಿ ಪ್ಯಾಲೆಸ್ಟೀನ್ ಆ ಕಪ್ ಎತ್ತಿತು. ಎಷ್ಟೋ ಸಲ ಸ್ವಂತ ನೆಲದಲ್ಲಿ ಆಡುವ ಭಾಗ್ಯವೇ ಇಲ್ಲದ ತಂಡ ಅದು. ನಮಗೆ ಮೈದಾನಕ್ಕೆ ಯಾವತ್ತೂ ಕೊರತೆ ಇರಲಿಲ್ಲ.

ಅಲ್ಲಿಗೆ ಈ ಕಪ್‌ನ ಕತೆ ಮುಗಿಯಿತು. ಬೆಳೆಯುವವರೆಲ್ಲ ಬೆಳೆದುಬಿಟ್ಟರು ಅಂತಲ್ಲ. ಏಷ್ಯಾ ಕಪ್‌ಗೇ 16ರ ಬದಲು 24 ತಂಡ ಅಂತಾಯಿತು. ಸಪ್ಲಿಮೆಂಟರಿ ರದ್ದು, ಪಾಸ್ ಮಾರ್ಕ್ ಇಳಿಕೆ.

ಈ ರಿಯಾಯಿತಿಯಲ್ಲಿ ನಾವೂ ಒಳಗೆ ಹೋದೆವು. 2023ರ ಏಷ್ಯಾ ಕಪ್ 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆಯಿತು (ಕ್ಯಾಲೆಂಡರ್ ಕೂಡ ಇನ್ನೂ ಬೆಳೆಯುತ್ತಿದೆ). ಮೂರು ಪಂದ್ಯ, ಮೂರು ಸೋಲು, ಸೊನ್ನೆ ಗೋಲು. ಥೇಟ್ ಕಠ್ಮಂಡು! ಆದರೆ ಅಲ್ಲಿ ತಿಂದದ್ದು ಎಂಟು ಗೋಲು, ಇಲ್ಲಿ ಆರೇ. ಬೆಳವಣಿಗೆ ಅಂದ್ರೆ ಮತ್ತೇನು?