ಸೊಪ್ಪು ಕದ್ದವನಿಗೂ ಮರಣದಂಡನೆ

ಸತ್ತು 2,600 ವರ್ಷವಾದ ಮೇಲೂ ದಿನಾ ಬೈಸಿಕೊಳ್ಳುವ ಯೋಗ ಎಲ್ಲರಿಗೂ ಬರುವುದಿಲ್ಲ. ಆಥೆನ್ಸಿನ ಡ್ರಾಕೋಗೆ ಬಂದಿದೆ. ಸರ್ಕಾರ ಯಾವುದೋ ಬಿಗಿ ಕಾಯ್ದೆ ತಂದಿತೆನ್ನಿ, ಮರುದಿನದ ಇಂಗ್ಲಿಷ್ ಸಂಪಾದಕೀಯದಲ್ಲಿ ಅವನ ಹೆಸರಿನಿಂದಲೇ ಹುಟ್ಟಿದ ‘ಡ್ರಕೋನಿಯನ್’ (ಅತಿ ಕ್ರೂರ) ಹಾಜರು. ಕನ್ನಡ ಪತ್ರಿಕೆಗಳು ‘ಕರಾಳ ಶಾಸನ’ ಎಂದು ಬರೆದು, ಯಾರ ಹೆಸರನ್ನೂ ಎತ್ತದೆ ಮುಗಿಸುತ್ತವೆ. ಈಚೆಗಂತೂ ಬೈಯಲು ಕಾಯ್ದೆಯೇ ಬೇಕಿಲ್ಲ. ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇಡಬಾರದೆಂದು ಅಪಾರ್ಟ್‌ಮೆಂಟ್ ಸಂಘದವರು ಹೇಳಿದರೆ ಅದೂ ಡ್ರಕೋನಿಯನ್. ತಡವಾಗಿ ಬಂದವರಿಗೆ ಆಫೀಸಿನವರು ಅರ್ಧ ದಿನದ ರಜೆ ಕತ್ತರಿಸಿದರೆ ಅದೂ ಡ್ರಕೋನಿಯನ್. ಚಪ್ಪಲಿ ಸ್ಟ್ಯಾಂಡಿನವರೆಗೂ ಹೆಸರು ಕೆಡಿಸಿಕೊಂಡ ಈ ಮಹಾಶಯ ಮಾಡಿದ್ದಾದರೂ ಏನು?

ಕಾನೂನನ್ನು ಬರೆದಿಟ್ಟ. ಕ್ರಿ.ಪೂ. 621ರ ಸುಮಾರಿನ ಮಾತು. ಅದಕ್ಕೆ ಮೊದಲು ಆಥೆನ್ಸಿನಲ್ಲಿ ಕಾನೂನು ಇರಲಿಲ್ಲವೆಂದಲ್ಲ. ಅದು ದೊಡ್ಡ ಮನೆತನದವರ ನಾಲಿಗೆಯ ಮೇಲಿತ್ತು. ನ್ಯಾಯ ಹೇಳುವವರೂ ಅವರೇ, ‘ಹಿಂದಿನಿಂದ ನಡೆದು ಬಂದದ್ದು ಹೀಗೆ’ ಎನ್ನುವವರೂ ಅವರೇ. ಬಡವ ಏನೆಂದು ವಾದಿಸುವುದು? ಡ್ರಾಕೋನ ಕಾನೂನು ಎಷ್ಟೇ ಕಠಿಣವಾಗಿರಲಿ, ಎಲ್ಲರ ಕಣ್ಣಿಗೆ ಬೀಳುವಂತಿತ್ತು. ನನಗೆ ಅವನ ಮೇಲೆ ಮರುಕ ಹುಟ್ಟುವುದು ಇಲ್ಲಿಂದಲೇ.

ಕಠಿಣವಾಗಿತ್ತೆಂಬುದಕ್ಕೆ ಕಥೆಗಳಿವೆ. ಸೊಪ್ಪು, ಹಣ್ಣು ಕದ್ದರೂ ಮರಣದಂಡನೆ, ಸೋಮಾರಿಯಾಗಿ ಬಿದ್ದುಕೊಂಡಿದ್ದರೂ ಮರಣದಂಡನೆ ಎಂದು ಗ್ರೀಕ್ ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆಯುತ್ತಾನೆ. (ಎರಡನೆಯದು ಇಂದು ಜಾರಿಯಾದರೆ ಭಾನುವಾರ ಮಧ್ಯಾಹ್ನ ನನ್ನಂಥವರು ಯಾರೂ ಉಳಿಯುವುದಿಲ್ಲ.) ‘ಎಲ್ಲಕ್ಕೂ ಇದೇ ಶಿಕ್ಷೆ ಏಕಯ್ಯಾ?’ ಎಂದು ಕೇಳಿದ್ದಕ್ಕೆ ಡ್ರಾಕೋ, ‘ಸಣ್ಣ ತಪ್ಪಿಗೆ ಇದು ಸರಿಯಾದ ಶಿಕ್ಷೆ, ದೊಡ್ಡದಕ್ಕೆ ಇದಕ್ಕಿಂತ ದೊಡ್ಡದು ಸಿಗಲಿಲ್ಲ’ ಎಂದನಂತೆ. ಅವನ ಕಾನೂನು ಶಾಯಿಯಲ್ಲಲ್ಲ, ರಕ್ತದಲ್ಲಿ ಬರೆದದ್ದು ಎಂಬ ಪ್ರಸಿದ್ಧ ಮಾತು ಡೆಮಾಡೀಸ್ ಎಂಬ ಭಾಷಣಕಾರನದು. ಗ್ರೀಕಿನಲ್ಲಿ ‘ಡ್ರಾಕೋನ್’ ಎಂದರೆ ಹಾವು. ಆದ್ದರಿಂದ ‘ಇದು ಮನುಷ್ಯನ ಕಾನೂನಲ್ಲ, ಹಾವಿನದು’ ಎಂಬ ಚಾಟೂಕ್ತಿಯೂ ಓಡಾಡಿತು. ಅರಿಸ್ಟಾಟಲನೇ ಅದನ್ನು ದಾಖಲಿಸಿದ್ದಾನೆ. ಹೆಸರೇ ಹೀಗಿದ್ದ ಮೇಲೆ ಬಾಯಿಚಪಲದವರು ಬಿಟ್ಟಾರೆಯೇ?

ಆದರೆ ಲೆಕ್ಕ ಹಾಕಿ. ಡೆಮಾಡೀಸ್ ಬದುಕಿದ್ದು ಡ್ರಾಕೋನ ನಂತರ ಸುಮಾರು 300 ವರ್ಷಕ್ಕೆ. ಪ್ಲೂಟಾರ್ಕ್ ಇನ್ನೂ ಆಚೆ, 700 ವರ್ಷಕ್ಕೆ. ಅಷ್ಟರಲ್ಲಿ ಮೂಲ ಕಾನೂನಿನ ಬಹುಭಾಗ ಕಾಣೆಯಾಗಿತ್ತು. ಕ್ರಿ.ಪೂ. 594ರಲ್ಲಿ ಅಧಿಕಾರಕ್ಕೆ ಬಂದ ಸೋಲೋನ್ ಅದನ್ನೆಲ್ಲ ರದ್ದು ಮಾಡಿದ್ದ. ಒಂದನ್ನು ಮಾತ್ರ ಹಾಗೇ ಉಳಿಸಿಕೊಂಡ: ಕೊಲೆಗೆ ಸಂಬಂಧಿಸಿದ್ದು. ಅದನ್ನು ಆಥೆನ್ಸಿನವರು ಕ್ರಿ.ಪೂ. 409ರ ಸುಮಾರಿಗೆ ಮತ್ತೆ ಕಲ್ಲಿನಲ್ಲಿ ಕೆತ್ತಿಸಿದರು. ಆ ಕಲ್ಲು 1843ರಲ್ಲಿ ಸಿಕ್ಕಿತು. ಈಗ ಆಥೆನ್ಸಿನ ಶಾಸನಗಳ ವಸ್ತುಸಂಗ್ರಹಾಲಯದಲ್ಲಿದೆ.

ಆ ಕಲ್ಲನ್ನು ಓದಿದರೆ ರಕ್ತದ ವಾಸನೆ ಅಷ್ಟಾಗಿ ಬರುವುದಿಲ್ಲ. ಉದ್ದೇಶವಿಲ್ಲದೆ ಒಬ್ಬನನ್ನು ಕೊಂದರೆ ಶಿಕ್ಷೆ ಗಡೀಪಾರು, ಮರಣವಲ್ಲ. ಬೇಕೆಂದು ಕೊಂದದ್ದೋ ಆಕಸ್ಮಿಕವೋ ಎಂದು ತೂಗಿ ನೋಡಲು 51 ಜನರ ನ್ಯಾಯಮಂಡಳಿ. ಸತ್ತವನ ತಂದೆ, ಸೋದರರು, ಮಕ್ಕಳು ಒಮ್ಮತದಿಂದ ಕ್ಷಮಿಸಿದರೆ ಆತ ಮರಳಿ ಬರಬಹುದು. ಒಬ್ಬನೇ ಬೇಡವೆಂದರೂ ಇಲ್ಲ. ಗಡೀಪಾರಾದವನು ನಿಯಮ ಮೀರದೆ ದೂರವಿದ್ದಾಗ ಯಾರಾದರೂ ಹುಡುಕಿಕೊಂಡು ಹೋಗಿ ಕೊಂದರೆ, ಆಥೆನ್ಸಿನ ಪ್ರಜೆಯನ್ನು ಕೊಂದಷ್ಟೇ ಅಪರಾಧ. ಕೊಲೆಗೆ ಕೊಲೆ ಎಂದು ವಂಶಗಟ್ಟಲೆ ಹಗೆ ಸಾಧಿಸುತ್ತಿದ್ದ ಕಾಲದಲ್ಲಿ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದ ಕಾನೂನು ಇದು. ಸೊಪ್ಪಿನ ಕಥೆ ಸುಳ್ಳೆಂದು ನಾನು ಪ್ರಮಾಣ ಮಾಡಲಾರೆ, ಆದರೆ ಕಲ್ಲಿನ ಸಾಕ್ಷಿ ಮಾತ್ರ ಆರೋಪಿಯ ಪರವಾಗಿದೆ.

ತಮಾಷೆಯೆಂದರೆ, ಈ ಬೈಗುಳವನ್ನು ಜಗತ್ತಿಗೆಲ್ಲ ಹಂಚಿದ ಇಂಗ್ಲಿಷರ ಮನೆಯಲ್ಲೇ ಎಂಥೆಂಥ ಕಾನೂನುಗಳಿದ್ದವು! ಅಂಗಡಿಯಿಂದ 5 ಶಿಲ್ಲಿಂಗ್ ಬೆಲೆಯ ಸರಕು ಕದ್ದರೆ ನೇಣು. 1723ರ ಒಂದು ಕಾಯ್ದೆಯ ಪ್ರಕಾರ, ಮುಖಕ್ಕೆ ಮಸಿ ಬಳಿದುಕೊಂಡು ಆಯುಧ ಹಿಡಿದು ಬೇಟೆಯ ಕಾಡಿಗೆ ನುಗ್ಗಿದರೂ ನೇಣು. 19ನೇ ಶತಮಾನದ ಆರಂಭಕ್ಕೆ ಅಲ್ಲಿ ಮರಣದಂಡನೆಯ ಅಪರಾಧಗಳು 200 ದಾಟಿದ್ದವು. ಆದರೂ ಅಲ್ಲಿನ ಯಾವ ಮಂತ್ರಿಯ, ಯಾವ ನ್ಯಾಯಾಧೀಶನ ಹೆಸರೂ ಗುಣವಾಚಕವಾಗಲಿಲ್ಲ. ದೂರದೂರಿನ ಹಳಬನೊಬ್ಬ ಸಿಕ್ಕಿದ್ದ, ಸಾಕಾಯಿತು. 1919ರಲ್ಲಿ ಅವರೇ ನಮಗೆ ರೌಲಟ್ ಕಾಯ್ದೆ ಕೊಟ್ಟದ್ದನ್ನು ನೆನೆದರೆ, ‘ರೌಲಟಿಯನ್’ ಎಂಬ ಪದ ಹುಟ್ಟದೆ ಹೋದದ್ದು ಅನ್ಯಾಯವೇ ಸರಿ.

ಡ್ರಾಕೋ ಸತ್ತ ಕಥೆ ಇದೆಲ್ಲಕ್ಕಿಂತ ರುಚಿ. ಬೈಜಾಂಟಿಯಮ್ಮಿನ ಹಳೆಯ ಕೋಶವೊಂದು ಹೇಳುವಂತೆ, ಐಜಿನಾ ದ್ವೀಪದ ರಂಗಮಂದಿರದಲ್ಲಿ ಜನ ಅವನಿಗೆ ಜೈಕಾರ ಹಾಕುತ್ತ, ಅಂದಿನ ಪದ್ಧತಿಯಂತೆ ಟೋಪಿ, ಅಂಗಿ, ಮೇಲುಹೊದಿಕೆಗಳನ್ನು ಅವನತ್ತ ಎಸೆದರು. ರಾಶಿ ಬಿದ್ದು ಅಡಿಯಲ್ಲೇ ಉಸಿರುಕಟ್ಟಿ ಸತ್ತ. ನಮ್ಮ ಸನ್ಮಾನ ಸಮಾರಂಭಗಳಲ್ಲಿ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಮೂಗಷ್ಟೇ ಕಾಣುವ ಹಿರಿಯರನ್ನು ಕಂಡವರಿಗೆ ಇದನ್ನು ನಂಬುವುದು ಕಷ್ಟವಾಗದು. ನನಗೆ ನಂಬಿಕೆಯಿಲ್ಲ, ಆದರೆ ಕಥೆಯನ್ನು ಬಿಡಲು ಮನಸ್ಸಿಲ್ಲ. ಕೇಸು ದಾಖಲಾಗಿದ್ದರೆ ಅವನದೇ ಕಾನೂನಿನಂತೆ ಅಲ್ಲಿದ್ದ ಅಭಿಮಾನಿಗಳೆಲ್ಲ ಕೊಲೆಗಾರರು, ಆದರೆ ಉದ್ದೇಶವಿಲ್ಲದೆ ಕೊಂದವರು. ಒಬ್ಬರಿಗೂ ಮರಣದಂಡನೆ ಇಲ್ಲ. ಐಜಿನಾ ಬೇರೆ ರಾಜ್ಯ, ಆಥೆನ್ಸಿನ ಕೋರ್ಟಿಗೆ ಇಲ್ಲಿ ಅಧಿಕಾರವೇ ಇಲ್ಲ ಎಂದು ಅವರ ವಕೀಲರು ತಕರಾರು ತೆಗೆಯುತ್ತಿದ್ದರು, ಅದು ಬೇರೆ ಮಾತು.