ಪದ್ಮಿನಿಯ ಬಿಪಿ

ಸೋದರಮಾವ ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿ ಕಾರಿಗೂ ನನಗೂ ಒಂದೇ ಕಾಯಿಲೆ. ವೈದ್ಯರು ನನಗೆ ಉಪ್ಪು ಬಿಡಿಸಿದರು. ಮಂಡಕ್ಕಿ-ಮೆಣಸಿನಕಾಯಿ ಬಿಡಿಸಲು ಅವರಿಂದಾಗಲಿಲ್ಲ, ಅವರೂ ದಾವಣಗೆರೆಯವರೇ. ಕಾರಿನ ಬಿಪಿ ಏರಿದ್ದು ಹಳೆಯ ಪೆಟ್ರೋಲ್ ಪಂಪಿನ ಡಯಾಫ್ರಮ್ ಹರಿದು, ಅದರ ಬದಲಿಗೆ ಎಲೆಕ್ಟ್ರಿಕ್ ಪಂಪು ಕೂರಿಸಿದ ಮೇಲೆ.

ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬುರೇಟರಿನಲ್ಲಿ ಫ್ಲೋಟ್ ಎಂಬ ಒಂದು ತೇಲುಬುರುಡೆ ಇರುತ್ತದೆ. ಪೆಟ್ರೋಲ್ ತುಂಬಿದಂತೆ ಅದು ಮೇಲೆದ್ದು, ಸೂಜಿಯೊಂದರಿಂದ ಒಳದಾರಿಯನ್ನು ಮುಚ್ಚುತ್ತದೆ. ಮನೆಯ ನೀರಿನ ಟ್ಯಾಂಕಿನಲ್ಲಿ ಚೆಂಡು ಮಾಡುವ ಕೆಲಸವೇ. ಹೊಸ ಪಂಪು 6 ಪಿಎಸ್‌ಐ ಒತ್ತಡದಲ್ಲಿ ತಳ್ಳುತ್ತಿತ್ತು. 3ಕ್ಕೆ ಒಗ್ಗಿದ್ದ ಆ ಬಡ ಸೂಜಿ ದಾರಿ ಬಿಟ್ಟುಕೊಟ್ಟಿತು. ಹಳೆ ಪಿ.ಬಿ. ರಸ್ತೆಯಲ್ಲಿ ನಾನು ನಿಂತಲ್ಲೆಲ್ಲ ಕಪ್ಪು ಹೊಗೆ, ಪೆಟ್ರೋಲ್ ವಾಸನೆ.

ಪಂಪಿಗೂ ಕಾರ್ಬುರೇಟರಿಗೂ ನಡುವೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕಬೇಕೆಂದು ಮೇಸ್ತ್ರಿ ಹೇಳಿದರು. ಎಂಥದ್ದು ಎಂದು ಕೇಳುವ ತಾಳ್ಮೆ ನನಗೆಲ್ಲಿ? ಅಂಗಡಿಯಲ್ಲಿದ್ದುದರಲ್ಲೇ ದುಬಾರಿಯಾದ, ಫಳಫಳ ಹೊಳೆಯುವ ಒಂದನ್ನು ತಂದು ಭಾನುವಾರ ನಾನೇ ಜೋಡಿಸಿದೆ. ಅದರ ಮೀಟರಿನಲ್ಲಿ 100ರವರೆಗೆ ಅಂಕಿಗಳಿದ್ದವು. ಎಂಜಿನ್ ಚಾಲು ಮಾಡಿದರೆ ಮುಳ್ಳು ಸೊನ್ನೆಯ ಮಗ್ಗುಲಲ್ಲೇ ಮಲಗಿತ್ತು. ಅಯ್ಯೋ, ಒತ್ತಡವೇ ಇಲ್ಲವಲ್ಲ ಎಂದು ತಿರುಪನ್ನು ಬಿಗಿ ಮಾಡಿದೆ. ಮುಳ್ಳು ಮಿಸುಕಲಿಲ್ಲ. ಇನ್ನಷ್ಟು ಬಿಗಿ ಮಾಡಿದೆ. ಅಷ್ಟರಲ್ಲಿ ಕಾರ್ಬುರೇಟರ್ ಉಕ್ಕಿ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕತೊಡಗಿತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಕಡ್ಡಿಪೆಟ್ಟಿಗೆ ಬೇಕೇನ್ರೀ?” ಎಂದಳು.

ಮರುದಿನ ಮೇಸ್ತ್ರಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕರು. “ಸರ್, ಇದು ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯದು. 40ರ ಆಸುಪಾಸಿನಲ್ಲಿ ಕೆಲಸ ಮಾಡುವಂಥದ್ದು. ನಿಮ್ಮ 6 ಇದರ ಕಣ್ಣಿಗೇ ಬೀಳುವುದಿಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳ ತೂಗುವ ಕಾಟಾದ ಮೇಲೆ ಮೂಗುತಿ ಇಟ್ಟಿದ್ದೀರಿ.”

ಎರಡನೆಯದನ್ನು ಅವರೇ ತರಿಸಿದರು: 1ರಿಂದ 5ರವರೆಗಿನದು, ಮೀಟರ್ 15ರದು, ನೋಡಲು ಏನೂ ಚೆಂದವಿಲ್ಲ. ಕಾರ್ಬುರೇಟರಿಗೆ ಹತ್ತಿರವಾಗಿ, ಎಂಜಿನ್ನಿನ ಕಾವು ತಾಗದಂತೆ ಕೂರಿಸಿದರು. ನಾನು ನೆರವಾಗುವ ಉತ್ಸಾಹದಲ್ಲಿ ಪೈಪುಗಳನ್ನು ಬಾಣದ ಗುರುತಿಗೆ ಉಲ್ಟಾ ಸಿಕ್ಕಿಸಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ 3ಕ್ಕೆ ತಂದು, ಲಾಕ್ ನಟ್ ಬಿಗಿದು, “ಇನ್ನು ಇದನ್ನು ಮುಟ್ಟಬೇಡಿ” ಎಂದರು. ಕಾರಿಗಲ್ಲ, ನನಗೆ.

ಹೊಳೆಯುವ ರೆಗ್ಯುಲೇಟರನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಮೇಸ್ತ್ರಿ ಅದನ್ನು ತಮ್ಮ ಶೆಡ್ಡಿನ ಗೋಡೆಯ ಮೊಳೆಗೆ ತೂಗುಹಾಕಿದರು. ಅಲ್ಲಿ ಆಗಲೇ ಅಂಥವು ಎರಡಿದ್ದವು.